ಓದುಗರ ಪ್ರಶ್ನೆ: ಅಂಚು ಸೊಟ್ಟಗಿದ್ದರೆ ನಾಣ್ಯ ಖೋಟಾನಾ?

ಪ್ರಶ್ನೆ: ಫ್ರಾನ್ಸಿನ ಲಿಯೋನ್‌ನಲ್ಲಿರುವ ನನ್ನ ತಮ್ಮ ಅಲ್ಲಿನ ಹಳೆ ಸಾಮಾನಿನ ಸಂತೆಯಿಂದ ಒಂದು ಬೆಳ್ಳಿ ನಾಣ್ಯ ತಂದಿದ್ದಾನೆ. ಒಂದು ಕಡೆ ಶಿಲುಬೆ. ಇನ್ನೊಂದು ಕಡೆ ಗೋಪುರದಂಥ ಚಿತ್ರ, ಸುತ್ತ ಸಣ್ಣ ಹೂಗಳು. ಅಂಚು ಸೊಟ್ಟ, ಶಿಲುಬೆ ಪಕ್ಕಕ್ಕೆ ಜಾರಿದೆ, ಬಣ್ಣ ಕಪ್ಪು. ಖೋಟಾ ಇರಬಹುದಾ? ತಿಕ್ಕಿ ತೊಳೆಯಲೇ?
– ಓದುಗರೊಬ್ಬರು, ಗೌರಿಬಿದನೂರು

ಉತ್ತರ: ದಯವಿಟ್ಟು ತೊಳೆಯಬೇಡಿ. ಹನ್ನೆರಡನೇ ವಯಸ್ಸಿನಲ್ಲಿ ನಾನು ಮನೆಯಲ್ಲಿದ್ದ ಮೊಘಲರ ಕಾಲದ ರೂಪಾಯಿಯನ್ನು ದೀಪ ಬೆಳಗುವ ಹಾಗೆ ವಿಭೂತಿ ಹಾಕಿ ತಿಕ್ಕಿದ್ದೆ. ಹೊಳಪು ಬಂತು, ಅಕ್ಷರ ಸವೆದವು. ಆ ಬೇಸರ ಇನ್ನೂ ಹೋಗಿಲ್ಲ. ಕಪ್ಪು ಬಣ್ಣ ಬೆಳ್ಳಿಗೆ ಸಹಜ. ಸಂಗ್ರಾಹಕರು ಅದನ್ನೇ ಇಷ್ಟಪಡುತ್ತಾರೆ.

ಅಂಚು ಸೊಟ್ಟಗಿದೆ ಅಂತ ಅನುಮಾನ ಬೇಡ. ನಮ್ಮಪ್ಪ ಚಿಕ್ಕಬಳ್ಳಾಪುರದಲ್ಲಿ ಬೆಳ್ಳಿ ಕೆಲಸ ಮಾಡುತ್ತಿದ್ದರು. ತಗಡಿನ ಮೇಲೆ ಅಚ್ಚನ್ನು ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಸುತ್ತಿಗೆ ಬೀಸುತ್ತಿದ್ದರು. ಕೈ ಒಂದು ಕೂದಲಷ್ಟು ಜಾರಿದರೂ ಹೂವು ಪಕ್ಕಕ್ಕೆ ಬೀಳುತ್ತಿತ್ತು. ಫ್ರಾನ್ಸಿನ ಟಂಕಸಾಲೆಯಲ್ಲೂ ಅದೇ ಕೆಲಸ. ಕೆಳಗಿನ ಅಚ್ಚು ಮರದ ಕೊರಡಿಗೆ ನೆಟ್ಟಿರುತ್ತಿತ್ತು, ಮೇಲಿನದು ಕೈಯಲ್ಲಿ, ನಡುವೆ ಬೆಳ್ಳಿ ಬಿಲ್ಲೆ, ಮೇಲೆ ಪೆಟ್ಟು. 1640ರ ದಶಕದಲ್ಲಿ ಯಂತ್ರ ಗೆಲ್ಲುವ ತನಕ ಹೀಗೇ ನಡೆಯಿತು.

ನೀವು ಹೇಳಿದ ಗುರುತು ನೋಡಿದರೆ ಇದು 'ಗ್ರೋ ತೂರ್ನ್ವಾ' ಇರಬಹುದು. ಫ್ರಾನ್ಸಿನ ರಾಜ ಒಂಬತ್ತನೇ ಲೂಯಿ 1266ರಲ್ಲಿ ಶುರು ಮಾಡಿದ ದೊಡ್ಡ ಬೆಳ್ಳಿ ನಾಣ್ಯ ಅದು. ತೂರ್ ಊರಿನ ಹಿಂದಿನ ಚಿಕ್ಕ ನಾಣ್ಯಗಳ ಗೋಪುರವನ್ನೇ ಇದಕ್ಕೂ ತೆಗೆದುಕೊಂಡರು. ಹೂಗಳನ್ನು ಎಣಿಸಿ, 12 ಲಿಲ್ಲಿ ಇರಬೇಕು. ಇಂಥ ಒಂದು ನಾಣ್ಯ 'ದೆನಿಯೆ' ಅನ್ನುವ 12 ಚಿಕ್ಕ ನಾಣ್ಯಗಳಿಗೆ ಸಮ. ಶಿಲುಬೆಯ ಸುತ್ತ ಒಳಸಾಲಿನಲ್ಲಿ ರಾಜನ ಹೆಸರಿರುತ್ತದೆ. 'ಯು' ಬರಬೇಕಾದ ಕಡೆ 'ವಿ' ಕಂಡರೆ ಗಾಬರಿಯಾಗಬೇಡಿ, ಆಗ ಬರೆಯುತ್ತಿದ್ದದ್ದೇ ಹಾಗೆ. ಲೂಯಿಯ ನಂತರದ ರಾಜರೂ ಇದೇ ಮಾದರಿ ಹೊಡೆಸಿದರು. ಹಾಗಾಗಿ ಹೆಸರು ಓದುವುದು ಮುಖ್ಯ.

ಪರಿಚಯದ ಬೆಳ್ಳಿ ಅಂಗಡಿಯಲ್ಲಿ ತೂಕ ಹಾಕಿಸಿ. ಸುಮಾರು 4.2 ಗ್ರಾಂ ಇರಬೇಕು. ತುಂಬಾ ಕಡಿಮೆ ಬಂದರೆ ಯಾರೋ ಹಿಂದೆ ಅಂಚಿನ ಬೆಳ್ಳಿ ಕತ್ತರಿಸಿಕೊಂಡಿರಬಹುದು, ಆ ಕಾಲದಲ್ಲಿ ಅದು ಮಾಮೂಲಾಗಿತ್ತು. ಒರೆಗಲ್ಲಿಗೆ ಮಾತ್ರ ಹಚ್ಚಲು ಬಿಡಬೇಡಿ! ಭೂತಗನ್ನಡಿಯಲ್ಲಿ ಅಂಚು ನೋಡಿ. ಸುತ್ತ ಬೆಸುಗೆಯಂಥ ಗೆರೆ, ಮೈಯಲ್ಲಿ ಸಣ್ಣ ಗುಳ್ಳೆ, ಸೋಪಿನಂತೆ ಮೊಂಡಾದ ಅಕ್ಷರ ಕಂಡರೆ ಅದು ಎರಕ ಹೊಯ್ದ ನಕಲಿರಬಹುದು. ಇಡುವುದು ಕಾಗದದ ಲಕೋಟೆಯಲ್ಲಿ. ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಕವರು ಬೇಡ, ವರ್ಷ ಕಳೆದಂತೆ ಅದು ಹಸಿರು ಜಿಡ್ಡು ಬಿಡುತ್ತದೆ.

ಪ್ರಶ್ನೆ: ತಾತನ ಹಳೆ ಲೆಕ್ಕದ ಪುಸ್ತಕದಲ್ಲಿ ಇಂಗ್ಲೆಂಡಿನ 'ಪೆನ್ನಿ' ನಾಣ್ಯಕ್ಕೆ 'ಪಿ' ಬಿಟ್ಟು 'ಡಿ' ಅಂತಿದೆ. ಯಾಕೆ?
– ವಿದ್ಯಾರ್ಥಿನಿ, ಚಿಂತಾಮಣಿ

ಉತ್ತರ: ಚೆಂದದ ಪ್ರಶ್ನೆ ಕಣಮ್ಮ. 'ಡಿ' ಅಂದರೆ ರೋಮನ್ನರ ದಿನಾರಿಯಸ್ ಅನ್ನುವ ಬೆಳ್ಳಿ ನಾಣ್ಯ. ಫ್ರಾನ್ಸಿನ ದೆನಿಯೆಯೂ ಅದೇ ಪದದಿಂದ ಬಂತು. ಫ್ರಾನ್ಸ್ ಆಳಿದ ದೊರೆ ಶಾರ್ಲಮೇನ್ ಕಾಲದಲ್ಲಿ ಒಂದು ಪೌಂಡ್ ಬೆಳ್ಳಿಗೆ 240 ದೆನಿಯೆ ಅನ್ನುವ ಲೆಕ್ಕ ನೆಲೆಯಾಯಿತು. 12 ದೆನಿಯೆಗೆ ಒಂದು ಸೂ, 20 ಸೂಗೆ ಒಂದು ಪೌಂಡ್. ಇಂಗ್ಲೆಂಡಿನವರು ಅದೇ ಲೆಕ್ಕವನ್ನು ಪೆನ್ನಿ, ಷಿಲಿಂಗ್, ಪೌಂಡ್ ಅಂತ 1971ರವರೆಗೂ ಇಟ್ಟುಕೊಂಡಿದ್ದರು.