ಟಾಹೋಗೆ ಶುಕ್ರವಾರ ರಾತ್ರಿ ಹೊರಡುವುದೋ, ಶನಿವಾರ ಬೆಳಿಗ್ಗೆಯೋ? ಆಲ್‌ವೀಲ್ ಡ್ರೈವ್ ಇದ್ದರೆ ಸಾಕಲ್ಲವೇ?

ಊರಿಂದ ಬಂದಿರುವ ಅಪ್ಪ ಅಮ್ಮನಿಗೆ ಕ್ಯಾಲಿಫೋರ್ನಿಯಾದ ಬೆಟ್ಟಗಳ ನಡುವಿನ ಟಾಹೋ ಸರೋವರದ ಬಳಿ ಹಿಮ ತೋರಿಸುವ ಆಸೆ, ಮೊದಲೇ ದುಡ್ಡು ಕಟ್ಟಿದ ಕ್ಯಾಬಿನ್, ಶುಕ್ರವಾರ ಮಧ್ಯಾಹ್ನದಿಂದ ಹಿಮಗಾಳಿಯ ಎಚ್ಚರಿಕೆ. ಬೇ ಏರಿಯಾದ ಸನ್ನಿವೇಲ್‌ನಲ್ಲಿ ಕೂತು ಇದೇ ಲೆಕ್ಕ ನಾನೂ ಹಾಕಿದವನು. ನೇರ ಉತ್ತರ: ರಾತ್ರಿಯೂ ಬೇಡ, ಬೆಳಿಗ್ಗೆಯೂ ಬೇಡ. ಗುರುವಾರ ಮಧ್ಯಾಹ್ನದೊಳಗೆ ಬೆಟ್ಟ ಹತ್ತಿ ಮುಗಿಸಿ. ಆಗದಿದ್ದರೆ ಹಿಮ ನಿಂತು ಒಂದು ಪೂರ್ತಿ ಹಗಲು ಕಳೆದ ಮೇಲೆ ಹೊರಡಿ.

'ಆಲ್‌ವೀಲ್ ಡ್ರೈವ್ ಇದೆ, ಚೈನ್ (ಹಿಮದಲ್ಲಿ ಜಾರದಂತೆ ಟೈರಿಗೆ ಸುತ್ತುವ ಸರಪಳಿ) ಬೇಡ ತಾನೇ' ಎಂದಿದ್ದೀರಿ. ಈ ದಾರಿಯಲ್ಲಿ ಅತಿ ದುಬಾರಿಯಾಗುವ ತಪ್ಪು ಇದೇ, ಅದಕ್ಕೆ ಉದ್ದಕ್ಕೆ ಹೇಳುತ್ತೇನೆ. ನಾಲ್ಕೂ ಚಕ್ರಕ್ಕೆ ಬಲ ಹೋದರೆ ನಿಂತ ಕಾರು ಸಲೀಸಾಗಿ ಹೊರಡುತ್ತದೆ, ಏರು ಹತ್ತುತ್ತದೆ. ಅಷ್ಟೇ. ಬ್ರೇಕು ಎಲ್ಲ ಕಾರಿನಲ್ಲೂ ನಾಲ್ಕೂ ಚಕ್ರಕ್ಕೆ ಇದ್ದೇ ಇರುತ್ತದೆ, ಅದರಲ್ಲಿ ನಿಮ್ಮ ಕಾರಿಗೆ ವಿಶೇಷವೇನೂ ಇಲ್ಲ. ನಿಲ್ಲಿಸುವುದು, ತಿರುವಿನಲ್ಲಿ ಜಾರದಂತೆ ಹಿಡಿಯುವುದು ಟೈರು. ಮುಂದಿನ ಚಕ್ರಕ್ಕೆ ಮಾತ್ರ ಬಲವಿರುವ ಕಾರು ಹೊರಡುವಾಗಲೇ ಚಕ್ರ ಗಿರಗಿರ ತಿರುಗಿಸಿ, ರಸ್ತೆ ಜಾರುತ್ತಿದೆ ಎಂದು ತಿಳಿಸುತ್ತದೆ. ನಿಮ್ಮದು ಆ ಸೂಚನೆ ಕೊಡದೆಯೇ 40 ಮೈಲಿ ವೇಗಕ್ಕೆ ಏರಿಬಿಡುತ್ತದೆ. ರಸ್ತೆ ಎಷ್ಟು ಜಾರುತ್ತದೆ ಎಂಬುದು ಹೆದ್ದಾರಿ 80ರ (ಐ-80) ಅತಿ ಎತ್ತರದ ಜಾಗವಾದ ಡಾನರ್ ಸಮ್ಮಿಟ್ ದಾಟಿ ಟ್ರಕೀ ಊರಿನ ಕಡೆಗೆ ಇಳಿಯುವಾಗ, ಮುಂದಿನ ಕಾರಿನ ಬ್ರೇಕ್ ದೀಪ ಹೊತ್ತಿದ ಮೇಲೆ ಗೊತ್ತಾಗುತ್ತದೆ. ಆ ಸಮ್ಮಿಟ್ 7,239 ಅಡಿ ಎತ್ತರದಲ್ಲಿದೆ. ಎಲ್-ಡೊರಾಡೊ ಕಡೆಯ ಹೆದ್ದಾರಿ 50ರ ಎಕೋ ಸಮ್ಮಿಟ್ ಅದಕ್ಕಿಂತಲೂ ಎತ್ತರ, 7,382 ಅಡಿ. ಆದ್ದರಿಂದ 80 ಬಿಟ್ಟು 50 ಹಿಡಿದರೆ ಪಾರಾದೆವು ಎಂಬುದೂ ಸುಳ್ಳು.

ಕಾನೂನೂ ಟೈರನ್ನೇ ಕೇಳುತ್ತದೆ. ರಾಜ್ಯದ ರಸ್ತೆ ಇಲಾಖೆ ಕ್ಯಾಲ್‌ಟ್ರಾನ್ಸ್ ಹಾಕುವ ಫಲಕದಲ್ಲಿ ಮೂರು ಹಂತಗಳಿವೆ. ಆರ್-1 ಇದ್ದಾಗ ಹಗುರ ಕಾರಿಗೆ ಬಲ ಹೋಗುವ ಎರಡು ಚಕ್ರಗಳಲ್ಲಾದರೂ ಸ್ನೋ ಟೈರ್ ಇದ್ದರೆ ಚೈನ್ ಹಾಕಬೇಕಿಲ್ಲ. ಆರ್-2ರಲ್ಲಿ ನಾಲ್ಕು ಚಕ್ರಕ್ಕೂ ಬಲವಿದ್ದು, ನಾಲ್ಕರಲ್ಲೂ ಸ್ನೋ ಟೈರ್ ಇರುವ ಕಾರಿಗೆ ಮಾತ್ರ ವಿನಾಯಿತಿ. ಆರ್-3 ಅಂದರೆ ಎಲ್ಲರೂ ಚೈನ್ ಹಾಕಲೇಬೇಕು, ಆದರೆ ಸಾಮಾನ್ಯವಾಗಿ ಆ ಹಂತಕ್ಕೆ ಬರುವ ಮೊದಲೇ ರಸ್ತೆ ಮುಚ್ಚುತ್ತಾರೆ. ವಿನಾಯಿತಿ ಇದ್ದವರೂ ಕಾರಿನಲ್ಲಿ ಚೈನ್ ಇಟ್ಟುಕೊಂಡಿರಬೇಕು, ಇದನ್ನು ಬಹಳ ಜನ ಓದುವುದೇ ಇಲ್ಲ. ಸ್ನೋ ಟೈರ್ ಎನಿಸಿಕೊಳ್ಳಲು ಟೈರಿನ ಪಕ್ಕದಲ್ಲಿ 'ಎಂ ಪ್ಲಸ್ ಎಸ್' (ಕೆಸರು ಮತ್ತು ಹಿಮ) ಗುರುತಾಗಲಿ, ಬೆಟ್ಟದೊಳಗೆ ಹಿಮಕಣದ ಚಿತ್ರವಾಗಲಿ ಇರಬೇಕು, ಅಚ್ಚಿನ, ಅಂದರೆ ಟೈರಿನ ಮೇಲ್ಮೈಯ ಗೀರುಗಳ, ಆಳ ಕನಿಷ್ಠ 6/32 ಇಂಚು ಇರಬೇಕು. ಹೊಸ ಟೈರು ಸುಮಾರು 10/32 ಇರುತ್ತದೆ. ಎರಡು ಮೂರು ವರ್ಷ ಓಡಿಸಿದ್ದು 5/32ಕ್ಕೆ ಇಳಿದಿದ್ದರೆ ಬೇ ಏರಿಯಾ ಮಳೆಗೆ ನಡೆದೀತು, ಇಲ್ಲಿ ನಡೆಯದು. ಆಳ ಅಳೆಯುವ ಕಡ್ಡಿ ಕೆಲವೇ ಡಾಲರ್. ಇವತ್ತೇ ನಾಲ್ಕೂ ಟೈರಿನ ಒಳಂಚು, ನಡು, ಹೊರಂಚು ಅಳೆಯಿರಿ. ಒಳಂಚು ಸವೆದದ್ದು ನಿಂತು ನೋಡಿದರೆ ಕಾಣುವುದಿಲ್ಲ.

ಚೈನನ್ನು ಬೆಟ್ಟದ ಬುಡದಲ್ಲಿ ಕೊಳ್ಳುತ್ತೇನೆ ಅನ್ನಬೇಡಿ. ಟೈರಿನ ಮೇಲಿನ ಅಳತೆ, ಉದಾಹರಣೆಗೆ 235/45ಆರ್18, ಬರೆದುಕೊಂಡು ಅದಕ್ಕೆ ಸರಿಯಾದದ್ದನ್ನೇ ತನ್ನಿ. ಮೊದಲು ಕಾರಿನ ಕೈಪಿಡಿ ತೆಗೆದು, ಚೈನ್ ಯಾವ ಚಕ್ರಕ್ಕೆ, ಎಷ್ಟು ದಪ್ಪದ್ದು ಎಂದು ನೋಡಿ. ಟೈರಿಗೂ ಅದರ ಮೇಲಿನ ಗೂಡಿಗೂ ಜಾಗ ಕಡಿಮೆ ಇರುವ ಕಾರಿಗೆ ತೆಳು ಕೇಬಲ್ ಚೈನೇ ಆಗಬೇಕು, ದಪ್ಪದ್ದು ಬ್ರೇಕಿನ ಕೊಳವೆ ಕೀಳಬಹುದು. ಮನೆಯ ಮುಂದೆ ಒಣನೆಲದಲ್ಲಿ ಒಮ್ಮೆ ಹಾಕಿ, ತೆಗೆಯಿರಿ. ಚೈನನ್ನು ನೆಲದಲ್ಲಿ ಹರಡಿ ಸಿಕ್ಕು ಬಿಡಿಸಿ, ಕೊಕ್ಕೆಯ ಚೂಪು ತುದಿ ಟೈರಿಗೆ ತಾಗದಂತೆ ಹೊರಮುಖವಾಗಿಡಿ. ಟೈರಿನ ಮೇಲೆ ಹೊದಿಸಿ ಒಳಬದಿಯ ಕೊಕ್ಕೆ ಮೊದಲು, ಹೊರಬದಿಯದ್ದು ಆಮೇಲೆ ಹಾಕಿ. ಕಾರನ್ನು ನೂರಡಿ ಉರುಳಿಸಿ, ಇಳಿದು ಮತ್ತೆ ಬಿಗಿ ಮಾಡಿ. ಹೊಸಬರು ಈ ಎರಡನೇ ಬಿಗಿತ ಬಿಡುವುದರಿಂದಲೇ ಚೈನ್ ಸಡಿಲಾಗಿ ಫೆಂಡರಿಗೆ ಹೊಡೆಯತೊಡಗುತ್ತದೆ. ಹಾಗೆ ಸದ್ದು ಬಂದರೆ ಕೂಡಲೇ ಬದಿಗೆ ನಿಲ್ಲಿಸಿ. ಜೊತೆಗೆ ರಬ್ಬರಿನ ಕೈಗವಸು, ಮೊಣಕಾಲಿಗೆ ಹಾಕಲು ದಪ್ಪ ಚಾಪೆ, ತಲೆಗೆ ಕಟ್ಟುವ ಟಾರ್ಚು ಇರಲಿ. ಉಣ್ಣೆಯ ಕೈಗವಸು ಎರಡು ನಿಮಿಷಕ್ಕೆ ಒದ್ದೆ. ಚೈನ್ ಹಾಕಿದ ಮೇಲೆ 25–30 ಮೈಲಿ ವೇಗ ಮೀರಬೇಡಿ, ಬರಿ ಡಾಂಬರು ಸಿಕ್ಕ ತಕ್ಷಣ ಸುರಕ್ಷಿತ ಜಾಗದಲ್ಲಿ ತೆಗೆಯಿರಿ.

ಇನ್ನು ಹವೆ. ಫೆಬ್ರವರಿ ಕೊನೆ, ಮಾರ್ಚ್ ತಿಂಗಳಲ್ಲಿ ಪೆಸಿಫಿಕ್‌ನಿಂದ ಬರುವ ಬಿರುಗಾಳಿಯಲ್ಲಿ ತೇವ ಹೆಚ್ಚು. ದಾರಿಯಲ್ಲಿ ಕೆಳಗಿರುವ ಕಾಲ್ಫ್ಯಾಕ್ಸ್ ಊರಿನಲ್ಲಿ ಬರಿ ಮಳೆ. ನಲವತ್ತೇ ನಿಮಿಷ ಮೇಲಕ್ಕೆ ಹೋದರೆ ಅದೇ ಮಳೆ ಭಾರವಾದ ಒದ್ದೆ ಹಿಮ. ತಣ್ಣನೆಯ ಗಾಳಿ ಹಿಂದಿನಿಂದ ನುಗ್ಗಿದಾಗ ಹಿಮ ಬೀಳುವ ಮಟ್ಟ ಗಂಟೆಗಂಟೆಗೂ ಕೆಳಗಿಳಿಯುತ್ತದೆ, ಒದ್ದೆ ರಸ್ತೆ ಗಾಜಾಗುತ್ತದೆ. ಆದ್ದರಿಂದ ಕೆಳಗಿನ ಬಯಲಿನ ಸ್ಯಾಕ್ರಮೆಂಟೊ ನಗರದ ಮುನ್ಸೂಚನೆ ನೋಡಿ ನಿರ್ಧರಿಸಬೇಡಿ. ನ್ಯಾಷನಲ್ ವೆದರ್ ಸರ್ವೀಸ್‌ನ ರೀನೋ ಕಚೇರಿಯದ್ದು ಓದಿ. ಅಲ್ಲಿ 'ಬ್ಲಿಜಾರ್ಡ್ ವಾರ್ನಿಂಗ್' ಎಂದು ಬಂದರೆ, ಗಂಟೆಗೆ 35 ಮೈಲಿ ಅಥವಾ ಅದಕ್ಕೂ ಹೆಚ್ಚಿನ ಗಾಳಿ, ಕಾಲು ಮೈಲಿಯೂ ಕಾಣದಷ್ಟು ಹಿಮ, ಇದು ಕನಿಷ್ಠ ಮೂರು ಗಂಟೆ ಇರಬಹುದು ಎಂದರ್ಥ. ಅಂಥ ಎಚ್ಚರಿಕೆ ಇದ್ದರೆ ಚರ್ಚೆಯೇ ಬೇಡ. 2024ರ ಮಾರ್ಚ್ 1ರ ಶುಕ್ರವಾರ ಬಂದದ್ದು ಅಂಥದ್ದೇ: ಐ-80 ಆ ವಾರಾಂತ್ಯದ ಬಹುಪಾಲು ಮುಚ್ಚಿತ್ತು, ಶಿಖರಗಳ ಮೇಲೆ ಗಾಳಿಯ ವೇಗ 150 ಮೈಲಿ ದಾಟಿತ್ತು. ಶುಕ್ರವಾರ ಸಂಜೆ ಹೊರಟ ಕಾರುಗಳು ಸಿಕ್ಕಿಬಿದ್ದದ್ದೂ ಅಲ್ಲಿಯೇ.

ಹೆದ್ದಾರಿ ಮುಚ್ಚಿದಾಗ ಫೋನು ಬೇರೆ ದಾರಿ ತೋರಿಸುತ್ತದೆ. ಹೆನ್ನೆಸ್ ಪಾಸ್ ಥರದ, ಹಿಮ ಬಾಚದ ಮಣ್ಣುರಸ್ತೆಗೂ ಕಳಿಸುತ್ತದೆ. ಹೋಗಬೇಡಿ. ಅಲ್ಲಿ ಸಿಗ್ನಲ್ ಇಲ್ಲ, ಹಿಂದಿನಿಂದ ಬರುವ ಕಾರೂ ಇಲ್ಲ. ಕ್ಯಾಲ್‌ಟ್ರಾನ್ಸ್‌ನ ಆನ್‌ಲೈನ್ ರಸ್ತೆ ನಕ್ಷೆಯಾದ ಕ್ವಿಕ್‌ಮ್ಯಾಪ್‌ನಲ್ಲಿ ಕ್ಯಾಮೆರಾ ನೋಡಿ, 'ಮುಚ್ಚಿದೆ' ಎಂದರೆ ಬೆಟ್ಟದ ಬುಡದ ಆಬರ್ನ್‌ನಲ್ಲೇ ರೂಮು ಹಿಡಿದು ಮಲಗಿ.

ಹೇಗಾದರೂ ಹೋಗುವುದೇ ಖಚಿತ ಅಂದರೆ, ಇಡೀ ರಾತ್ರಿ ಕಾರಿನಲ್ಲೇ ಕಳೆಯುವ ಸಿದ್ಧತೆ ಇರಲಿ. ಆಬರ್ನ್‌ನಲ್ಲಿ ಟ್ಯಾಂಕ್ ತುಂಬಿಸಿ, ಎಲೆಕ್ಟ್ರಿಕ್ ಆದರೆ ಅಲ್ಲಿಂದ 90 ಶೇಕಡಾದ ಮೇಲಿಟ್ಟು ಹೊರಡಿ, ಚಳಿಗೂ ಏರಿಗೂ ಬ್ಯಾಟರಿ ಬೇಗ ಇಳಿಯುತ್ತದೆ. ತಲೆಗೊಂದು ಕಂಬಳಿ, ನೀರು, ಚಪಾತಿ, ಫ್ಲಾಸ್ಕಿನಲ್ಲಿ ಬಿಸಿನೀರು, ಒಂದು ಸಣ್ಣ ಸಲಿಕೆ. ಅಪ್ಪ ಅಮ್ಮನ ಬಿಪಿ, ಸಕ್ಕರೆ ಮಾತ್ರೆಗಳನ್ನು ಡಿಕ್ಕಿಯ ಸೂಟ್‌ಕೇಸಿನಲ್ಲಿ ಇಡಬೇಡಿ, ಕೈಚೀಲದಲ್ಲಿರಲಿ. ಪೆಟ್ರೋಲ್ ಕಾರು ನಿಂತಾಗ ಗಂಟೆಗೆ ಹತ್ತು ನಿಮಿಷ ಮಾತ್ರ ಎಂಜಿನ್ ಹಾಕಿ. ಪ್ರತಿಸಲ ಅದಕ್ಕೂ ಮೊದಲು ಇಳಿದು ಸೈಲೆನ್ಸರ್ ಬಾಯಿಯ ಹಿಮ ತೆಗೆಯಿರಿ. ಅದು ಮುಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ಕಾರಿನೊಳಗೆ ಬರುತ್ತದೆ. ಅದಕ್ಕೆ ವಾಸನೆಯಿಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ. ಕ್ಯಾಬಿನ್‌ನಲ್ಲೂ ಹೀಟರಿನ ಹೊಗೆ ಹೊರಹೋಗುವ ಕೊಳವೆ ಹಿಮದಲ್ಲಿ ಹೂತಿಲ್ಲ ಎಂದು ದಿನಕ್ಕೆರಡು ಸಲ ನೋಡಿ, ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೆಲಸ ಮಾಡುತ್ತದೆಯೇ ಎಂದು ಮೊದಲ ರಾತ್ರಿಯೇ ಒತ್ತಿ ಪರೀಕ್ಷಿಸಿ. ರಾತ್ರಿ ಪಾರ್ಕಿಂಗ್ ಬ್ರೇಕ್ ಎಳೆಯಬೇಡಿ, ಹೆಪ್ಪುಗಟ್ಟಿ ಹಿಡಿದುಕೊಳ್ಳುತ್ತದೆ. ಸಮತಟ್ಟಾದ ಕಡೆ ನಿಲ್ಲಿಸಿ ಗೇರನ್ನು ಪಾರ್ಕಿನಲ್ಲಿಡಿ, ವೈಪರ್ ಎತ್ತಿಡಿ.

ನನ್ನ ಮಾತು ಕೇಳುವುದಾದರೆ ಕ್ಯಾಬಿನ್ನಿನವರಿಗೆ ಇವತ್ತೇ ಫೋನ್ ಮಾಡಿ, ಮುಂದಿನ ವಾರದ ಮಂಗಳವಾರ, ಬುಧವಾರಕ್ಕೆ ದಿನ ಬದಲಿಸಿ ಎಂದು ಕೇಳಿ. ಬಿರುಗಾಳಿಯ ಮುಂಚೆ ಕೇಳಿದರೆ ಒಪ್ಪುವವರಿದ್ದಾರೆ, ರಸ್ತೆ ಮುಚ್ಚಿದ ಮೇಲೆ ನೂರು ಜನ ಕೇಳುತ್ತಿರುತ್ತಾರೆ. ಒಪ್ಪದಿದ್ದರೆ ಆ ದುಡ್ಡು ಬಿಡಿ. ಅಪ್ಪ ಅಮ್ಮನಿಗೆ ಹಿಮ ಕಾಣಲು ಟಾಹೋವರೆಗೆ ಹೋಗಲೇಬೇಕೆಂದೂ ಇಲ್ಲ. ಹಿಮ ನಿಂತ ಮೇಲೆ ಬಿಸಿಲಿರುವ ದಿನ ಯೂಬಾ ಗ್ಯಾಪ್‌ನ ಸ್ನೋ-ಪಾರ್ಕ್ (ಕಾರು ನಿಲ್ಲಿಸಿ ಹಿಮದಲ್ಲಿ ಆಡುವ ಜಾಗ) ಸಾಕು, ಡಾನರ್ ಸಮ್ಮಿಟ್ ಹತ್ತುವ ಮುಂಚೆಯೇ ಸಿಗುತ್ತದೆ. ನವೆಂಬರ್ 1ರಿಂದ ಮೇ 30ರವರೆಗೆ ಅಲ್ಲಿ ಕಾರು ನಿಲ್ಲಿಸಲು ಪರ್ಮಿಟ್ ಬೇಕು, ಹೊರಡುವ ಮೊದಲೇ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಿ. ಬೆಳಿಗ್ಗೆ ಒಂಬತ್ತರ ನಂತರ ಬೆಟ್ಟದ ಭಾಗಕ್ಕೆ ತಲುಪಿ, ಮೂರು ಗಂಟೆಗೆಲ್ಲ ಇಳಿಯತೊಡಗಿ. ಹಗಲಲ್ಲಿ ಕರಗಿದ ನೀರು ಸೂರ್ಯ ಮರೆಯಾದ ಕೂಡಲೇ ರಸ್ತೆಯ ಮೇಲೆ ಕಾಣದ ಮಂಜುಗಡ್ಡೆಯಾಗುತ್ತದೆ, ಚೈನ್ ಆಗ ಡಿಕ್ಕಿಯಲ್ಲಿರುತ್ತದೆ.