ಅಪ್ಪನ ಆರು ಸುತ್ತು, ಅಜ್ಜಿಯ ಎರಡು ಚಮಚ

ಪ್ರಶ್ನೆ: ನಮ್ಮದು ದಾವಣಗೆರೆ. ಮಗಳಿಗೆ ಹತ್ತು ವರ್ಷ ನಾಲ್ಕು ತಿಂಗಳು, ಐದನೇ ಕ್ಲಾಸು. ಎತ್ತರ 141 ಸೆಂ.ಮೀ., ತೂಕ 42 ಕೆ.ಜಿ. ಹೋದ ವರ್ಷ ಇದೇ ಹೊತ್ತಿಗೆ 134 ಸೆಂ.ಮೀ., 35 ಕೆ.ಜಿ. ಇದ್ದಳು. ಮದುವೆಮನೆಯಲ್ಲಿ ಯಾರೋ "ಏನೇ ಡುಮ್ಮಿ" ಅಂದಿದ್ದೇ ತಡ, ನಮ್ಮೆಜಮಾನರು ದಿನಾ ಬೆಳಗ್ಗೆ ಐದೂವರೆಗೆ ಎಬ್ಬಿಸಿ ಮೈದಾನದಲ್ಲಿ ಆರು ಸುತ್ತು ಓಡಿಸಲು ಶುರು ಮಾಡಿದರು. ಭಾನುವಾರ ತೂಕ ನೋಡುತ್ತಾರೆ. ಇಳಿಯದಿದ್ದರೆ ಅವತ್ತು ಟಿವಿ ಇಲ್ಲ. ನಮ್ಮತ್ತೆ "ಬೆಳೆಯೋ ಮಗು, ತಿನ್ನಲಿ ಬಿಡಿ" ಅಂತ ದಿನಕ್ಕೆರಡು ಸಲ ಹಾಲಿಗೆ ಪುಡಿ ಬೆರೆಸಿ, ಮೇಲೆ ಎರಡು ಚಮಚ ಸಕ್ಕರೆ ಹಾಕಿ ಕೊಡುತ್ತಾರೆ. ಮೈದುನ ಮೊಬೈಲ್‌ನಲ್ಲಿ ಬಿಎಂಐ (ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ಹೇಳುವ ಅಂಕಿ) ಲೆಕ್ಕ ಹಾಕಿ "21 ಬಂತು, ನಾರ್ಮಲ್" ಅಂದ. ಓಟ ಶುರುವಾಗಿ ಎರಡು ತಿಂಗಳಾಯಿತು. ತೂಕ ಅರ್ಧ ಕೆ.ಜಿ. ಏರಿದೆ. ಮೊನ್ನೆ ಹಾಸಿಗೆ ಕೆಳಗೆ ಬಿಸ್ಕತ್ತಿನ ಖಾಲಿ ಪ್ಯಾಕೆಟ್‌ಗಳು ಸಿಕ್ಕವು. ಭರತನಾಟ್ಯದ ಕ್ಲಾಸನ್ನೂ ಬಿಟ್ಟಿದ್ದಾಳೆ. ಕೇಳಿದರೆ "ಸಣ್ಣ ಆದ್ಮೇಲೆ ಹೋಗ್ತೀನಮ್ಮ" ಅನ್ನುತ್ತಾಳೆ. ನಾನು ಯಾರ ಮಾತು ಕೇಳಲಿ?

— ಹೆಸರು ಬೇಡ

ಉತ್ತರ: ಮೊದಲು ನಿಮ್ಮ ಮೈದುನನ ಮೊಬೈಲ್ ಪಕ್ಕಕ್ಕಿಡೋಣ. ಲೆಕ್ಕವೇನೋ ಸರಿಯಾಗಿದೆ, 21 ಬರುತ್ತದೆ. ಆದರೆ ಆ ಆ್ಯಪ್ ಹೇಳಿದ "ನಾರ್ಮಲ್" ದೊಡ್ಡವರದು. ಮಕ್ಕಳ ಬಿಎಂಐಯನ್ನು ವಯಸ್ಸಿಗೆ ತಕ್ಕಂತೆ, ಹುಡುಗ ಹುಡುಗಿಗೆ ಬೇರೆ ಬೇರೆಯಾಗಿ ನೋಡಬೇಕು. ಅದಕ್ಕೆಂದೇ ಭಾರತೀಯ ಮಕ್ಕಳ ವೈದ್ಯರ ಸಂಘದ 2015ರ ಬೆಳವಣಿಗೆ ಚಾರ್ಟ್ ಇದೆ, 5ರಿಂದ 18 ವರ್ಷದವರಿಗೆ. ಮಕ್ಕಳ ಡಾಕ್ಟರ ಹತ್ತಿರ ಸಿಗುತ್ತದೆ. ಹತ್ತು ವರ್ಷದ ಹುಡುಗಿಗೆ 21 ಅಂದರೆ ತೂಕ ಜಾಸ್ತಿ ಅನ್ನುವ ಗೆರೆಯನ್ನು ದಾಟಿದೆ. ಗಾಬರಿ ಬೀಳುವಷ್ಟಲ್ಲ, ಸುಮ್ನೆ ಬಿಟ್ಟುಬಿಡುವಷ್ಟೂ ಅಲ್ಲ.

ನೀವು ಹೋದ ವರ್ಷದ ಅಳತೆಯನ್ನೂ ಬರೆದಿದ್ದೀರಿ, ಒಳ್ಳೆಯದಾಯಿತು. ವರ್ಷಕ್ಕೆ ಏಳು ಸೆಂಟಿಮೀಟರ್ ಬೆಳೆದಿದ್ದಾಳೆ. ಈ ವಯಸ್ಸಿನವರು ಸಾಮಾನ್ಯವಾಗಿ ಐದಾರು ಬೆಳೆಯುತ್ತಾರೆ. ಮೈನೆರೆಯುವ ಮುಂಚಿನ ಜಿಗಿತ ಶುರುವಾಗಿರಬಹುದು. ಹುಡುಗಿಯರಿಗೆ ಆ ಹೊತ್ತಿನಲ್ಲಿ ಮೈ ಸ್ವಲ್ಪ ತುಂಬಿಕೊಳ್ಳುವುದೂ ಸಹಜ. "ಥೈರಾಯ್ಡ್ ಇರಬೇಕು" ಅಂತ ನೆಂಟರು ಹೇಳಿಯೇ ಹೇಳುತ್ತಾರೆ. ಥೈರಾಯ್ಡ್ ಕಡಿಮೆಯಾದರೆ ಎತ್ತರ ಬೆಳೆಯುವುದೇ ನಿಧಾನವಾಗುತ್ತದೆ. ನಿಮ್ಮ ಮಗಳ ಎತ್ತರ ಚೆನ್ನಾಗಿಯೇ ಏರುತ್ತಿದೆ. ಆದರೆ ಒಂದೇ ವರ್ಷಕ್ಕೆ ಏಳು ಕೆ.ಜಿ. ಅನ್ನುವುದು ಎತ್ತರಕ್ಕಿಂತ ಮುಂದೆ ಓಡಿದೆ, ಅಲ್ವಾ?

ಈಗ ನಿಮ್ಮವರ ಆರು ಸುತ್ತಿಗೆ ಬರೋಣ. ಮಗಳಿಗಾಗಿ ದಿನಾ ಐದೂವರೆಗೆ ಏಳುವ ಅಪ್ಪನ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಲೆಕ್ಕದ ಬಗ್ಗೆ ಇದೆ. ಮೈದಾನದ ಸುತ್ತು 400 ಮೀಟರ್ ಅಂತಿಟ್ಟುಕೊಳ್ಳಿ. ಆರು ಸುತ್ತಿಗೆ ಎರಡೂವರೆ ಕಿಲೋಮೀಟರೂ ಆಗಲಿಲ್ಲ. ಇವಳ ತೂಕದ ಮಗು ಅಷ್ಟು ಓಡಿದರೆ ಕರಗುವುದು ಹೆಚ್ಚೂಕಡಿಮೆ 100ರಿಂದ 150 ಕ್ಯಾಲೊರಿ. ಒಂದು ಚಿಕ್ಕ ಚಿಪ್ಸ್ ಪ್ಯಾಕೆಟ್ ಅದನ್ನು ವಾಪಸ್ ತಂದುಕೊಡುತ್ತದೆ. ಅಜ್ಜಿಯ ಎರಡು ಲೋಟ ಹಾಲು ಅದರ ಎರಡರಷ್ಟನ್ನಾದರೂ ಕೊಡುತ್ತದೆ. ಬರೀ ಓಟದಿಂದ ಮಕ್ಕಳ ತೂಕ ಇಳಿಯುವುದು ಬಹಳ ಕಡಿಮೆ. ಅದು ಅವಳ ಸೋಮಾರಿತನವಲ್ಲ, ಲೆಕ್ಕವೇ ಹಾಗಿದೆ.

ಹಾಗಾದರೆ ಓಡುವುದೇ ದಂಡವಾ? ಖಂಡಿತ ಅಲ್ಲ. ತೂಕದ ಮುಳ್ಳು ಒಂದಿಷ್ಟೂ ಅಲ್ಲಾಡದಿದ್ದರೂ ಆಡುವ ಮಗುವಿನ ಹೃದಯ ಗಟ್ಟಿಯಾಗುತ್ತದೆ, ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುತ್ತದೆ, ನಿದ್ದೆ ಬರುತ್ತದೆ, ಸಿಡುಕು ಕಡಿಮೆಯಾಗುತ್ತದೆ. ಮೂಳೆಯದಂತೂ ಇದೇ ಸಮಯ. ನಮ್ಮ ಮೂಳೆಯಲ್ಲಿರುವ ಖನಿಜದ ಸುಮಾರು ಕಾಲು ಭಾಗ ಸೇರುವುದು ಬೆಳವಣಿಗೆ ಜೋರಾಗಿರುವ ಎರಡು ವರ್ಷಗಳಲ್ಲಿ. ಅವಳು ಆ ಬಾಗಿಲಲ್ಲೇ ನಿಂತಿದ್ದಾಳೆ. ಇದ್ಯಾವುದೂ ಭಾನುವಾರದ ತಕ್ಕಡಿಯಲ್ಲಿ ಕಾಣುವುದಿಲ್ಲ. "ಓಡು, ಸಣ್ಣ ಆಗ್ತೀಯ" ಅಂತ ಹೇಳಿ ಓಡಿಸಿದ ಮಗು, ಸಣ್ಣ ಆಗದಿದ್ದಾಗ ಓಡುವುದನ್ನೇ ಬಿಡುತ್ತದೆ. ಅದಕ್ಕೇ ನಾನು ಹೇಳುವುದು, ಆಟಕ್ಕೂ ತಕ್ಕಡಿಗೂ ಇರುವ ಗಂಟು ಬಿಚ್ಚಿ. ಈ ಭಾನುವಾರವೇ ಆ ತಕ್ಕಡಿ ಅಟ್ಟ ಸೇರಲಿ. ಮೂರು ತಿಂಗಳಿಗೊಮ್ಮೆ ಡಾಕ್ಟರು ಎತ್ತರ, ತೂಕ ಎರಡನ್ನೂ ಒಟ್ಟಿಗೆ ಅಳೆದರೆ ಸಾಕು.

ಇಳಿಸುವುದೂ ಬೇಕಿಲ್ಲ, ಏರುವುದು ನಿಧಾನವಾದರೆ ಆಯಿತು. ಮುಂದಿನ ವರ್ಷದ ಹೊತ್ತಿಗೆ ಅವಳು 147 ಸೆಂ.ಮೀ. ಆಗಿ, ತೂಕ ಇಷ್ಟೇ ಇದ್ದರೆ ಬಿಎಂಐ 19.4ಕ್ಕೆ ಬರುತ್ತದೆ. ಎರಡು ಕೆ.ಜಿ. ಏರಿದರೂ 20.4, ಈಗಿನದಕ್ಕಿಂತ ಕಡಿಮೆಯೇ. ಬೆಳೆಯುವ ಮಕ್ಕಳಿಗೆ ಇರುವ ಈ ಅನುಕೂಲ ನಮಗೂ ನಿಮಗೂ ಇಲ್ಲ ನೋಡಿ.

ಇನ್ನೊಂದು ಮಾತು. ಐದೂವರೆಗೆ ಏಳುವ ಮಗು ಮಲಗುವುದು ಎಷ್ಟೊತ್ತಿಗೆ? ನೀವು ಬರೆದಿಲ್ಲ. ಟ್ಯೂಷನ್, ಹೋಂವರ್ಕ್ ಅಂತ ಹತ್ತೂವರೆಯಾದರೆ ನಿದ್ದೆ ಏಳೇ ಗಂಟೆ. ಈ ವಯಸ್ಸಿಗೆ 9ರಿಂದ 12 ಗಂಟೆ ಬೇಕು. ನಿದ್ದೆಗೆಟ್ಟ ಮಕ್ಕಳಿಗೆ ಹಸಿವು ಜಾಸ್ತಿ, ಅದರಲ್ಲೂ ಸಿಹಿ, ಕುರುಕಲು ತಿಂಡಿಯ ಮೇಲೆ ಕಣ್ಣು. ಬೆಳಗಿನ ಓಟವನ್ನು ನಿಲ್ಲಿಸಿ ಸಂಜೆಗೆ ಆಟ ಇಡಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ ಸರಾಸರಿ 60 ನಿಮಿಷ, ಏದುಸಿರು ಬರುವಂತೆ. ಒಂದೇ ಸಲಕ್ಕೆ ಆಗಬೇಕೆಂದಿಲ್ಲ. ವಾರದಲ್ಲಿ ಮೂರು ದಿನವಾದರೂ ಮೂಳೆ, ಸ್ನಾಯುಗಳಿಗೆ ಕೆಲಸ ಬೀಳಬೇಕು, ಅಂದರೆ ಕುಣಿತ, ನೆಗೆತ, ಹತ್ತುವುದು. ಕುಂಟೆಬಿಲ್ಲೆ, ಹಗ್ಗದಾಟ, ಖೊಖೊ, ಲಗೋರಿ ಎಲ್ಲವೂ ಇದಕ್ಕೆ ಹೇಳಿಮಾಡಿಸಿದವು. ಒಂಟಿಯಾಗಿ ಓಡುವುದಕ್ಕಿಂತ ನಾಲ್ಕು ಗೆಳತಿಯರು ಸೇರಿದರೆ ಗಂಟೆ ಹೋದದ್ದೇ ತಿಳಿಯುವುದಿಲ್ಲ. ಶಾಲೆಯ ಪಿ.ಟಿ. ಪೀರಿಯಡ್ ನಿಜವಾಗಿ ನಡೆಯುತ್ತಾ ಅಂತಲೂ ವಿಚಾರಿಸಿ. ಎಷ್ಟೋ ಕಡೆ ಅದು ಗಣಿತದ ಮೇಷ್ಟ್ರಿಗೆ ಸಿಕ್ಕ ಬೋನಸ್! ಅಪ್ಪನಿಗೆ ಮಗಳ ಜೊತೆ ಇರುವ ಆಸೆಯಿದ್ದರೆ ಭಾನುವಾರ ಇಬ್ಬರೂ ಸೈಕಲ್ ಹತ್ತಿ ಕುಂದವಾಡ ಕೆರೆ ಕಡೆ ಹೋಗಿ ಬರಲಿ. ಗಡಿಯಾರ, ಸುತ್ತಿನ ಎಣಿಕೆ ಬೇಡ.

ಅತ್ತೆಯ ಹಾಲಿನ ವಿಷಯ ನಾಜೂಕು. ಹಾಲು ಇರಲಿ, ಅದು ಒಳ್ಳೆಯದೇ. ಪುಡಿಯಲ್ಲೇ ಸಾಕಷ್ಟು ಸಕ್ಕರೆ ಇರುತ್ತದೆ, ಡಬ್ಬಿಯ ಹಿಂದೆ ಓದಿ ನೋಡಿ. 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರವೇ ಆನ್‌ಲೈನ್ ಅಂಗಡಿಗಳಿಗೆ ಇಂಥವನ್ನು "ಹೆಲ್ತ್ ಡ್ರಿಂಕ್" ಪಟ್ಟಿಯಿಂದ ತೆಗೆಯಲು ಹೇಳಿತ್ತು. "ಪುಡಿ ಬೇಡ" ಅಂತ ಜಗಳಕ್ಕೆ ಇಳಿಯುವ ಬದಲು "ಅತ್ತೆ, ನೀವು ಮೊದಲು ಮಾಡ್ತಿದ್ದ ರಾಗಿ ಅಂಬಲಿ ಮಾಡಿಕೊಡಿ" ಅಂತ ಕೇಳಿ. ಮಂಡಕ್ಕಿ ಮೆಣಸಿನಕಾಯಿ, ಬೆಣ್ಣೆದೋಸೆ ಬಿಟ್ಟು ದಾವಣಗೆರೆಯಲ್ಲಿ ಬದುಕಿ ಅಂತ ನಾನು ಹೇಳುವುದಿಲ್ಲ, ಹೇಳಿದರೂ ನೀವು ಕೇಳಬಾರದು. ಎಲ್ಲರೂ ಕೂತು, ಯಾವಾಗಲಾದರೊಮ್ಮೆ, ಖುಷಿಯಾಗಿ ತಿನ್ನಿ. ಅವಳೊಬ್ಬಳ ತಟ್ಟೆಯಲ್ಲಿ ಚಪಾತಿ ಇಟ್ಟು ಉಳಿದವರು ದೋಸೆ ತಿನ್ನುವುದು ಮಾತ್ರ ಬೇಡ.

ಆ ಖಾಲಿ ಪ್ಯಾಕೆಟ್‌ಗಳೇ ನನ್ನನ್ನು ಹೆಚ್ಚು ಕಾಡಿದ್ದು. ಕದ್ದು ತಿನ್ನುವುದು ಹಸಿವಿನಿಂದಷ್ಟೇ ಬರುವುದಿಲ್ಲ. ತಿಂದರೆ ಅವಮಾನ ಅನ್ನುವ ಭಯದಿಂದಲೂ ಬರುತ್ತದೆ. ಅದನ್ನು ಹಿಡಿದು ಅವಳ ಮುಂದೆ ಆಡಿಸಬೇಡಿ. ಬಿಸ್ಕತ್ತನ್ನು ಮನೆಗೆ ತರುವುದೇ ಕಡಿಮೆ ಮಾಡಿ, ತಂದ ದಿನ ಎಲ್ಲರಿಗೂ ಹಂಚಿ. ಕದ್ದು ತಿನ್ನುವುದು ಮುಂದುವರಿದರೆ, ಊಟ ಬಿಡಲು ಶುರು ಮಾಡಿದರೆ ಮಕ್ಕಳ ಆಪ್ತಸಮಾಲೋಚಕರನ್ನು ಕಾಣಿ.

ಡಾಕ್ಟರ ಹತ್ತಿರ ಒಮ್ಮೆ ಹೋಗಿಬನ್ನಿ, ಬಿಪಿಯನ್ನೂ ನೋಡಲಿ. ಹೋಗುವ ಮುಂಚೆ ಕತ್ತಿನ ಹಿಂದೆ, ಕಂಕುಳಲ್ಲಿ ಚರ್ಮ ಕಪ್ಪಾಗಿ ಮಖಮಲ್ಲಿನಂತೆ ದಪ್ಪಗಾಗಿದೆಯಾ ಗಮನಿಸಿ. ಎಷ್ಟೋ ಅಮ್ಮಂದಿರು ಅದನ್ನು ಕೊಳೆ ಅಂದುಕೊಂಡು ಕಡಲೆಹಿಟ್ಟು ಹಾಕಿ ತಿಕ್ಕುತ್ತಾರೆ. ಅದು ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ಗುರುತಾಗಿರಬಹುದು. ಜೋರು ಗೊರಕೆ, ಕುಂಟುವಷ್ಟು ಸೊಂಟ ಅಥವಾ ಮಂಡಿ ನೋವು ಇದ್ದರೆ ತಡ ಮಾಡಬೇಡಿ.

ಕೊನೆಗೆ ಭರತನಾಟ್ಯ. "ಸಣ್ಣ ಆದ್ಮೇಲೆ" ಅಂತ ಅವಳು ಮುಂದೂಡಿರುವುದು ತನಗೆ ಇಷ್ಟವಾದ ಒಂದೇ ವ್ಯಾಯಾಮವನ್ನು. ಅರಮಂಡಿಯಲ್ಲಿ, ಅಂದರೆ ಮಂಡಿ ಬಗ್ಗಿಸಿ ಅರ್ಧ ಕೂತು, ತಟ್ಟಡವು (ಪಾದ ತಟ್ಟುವ ಹೆಜ್ಜೆ) ಹಾಕಿದರೆ ತೊಡೆಗೂ ಮೂಳೆಗೂ ಸಿಗುವ ಕೆಲಸ ಆರು ಸುತ್ತಿಗೆ ಏನೂ ಕಡಿಮೆಯಿಲ್ಲ. ಗುರುಗಳಿಗೆ ಮೊದಲೇ ಫೋನ್ ಮಾಡಿ, ಮೈಯ ಮಾತು ಎತ್ತಬೇಡಿ, ಹಿಂದಿನ ಸಾಲಿಗೆ ತಳ್ಳಬೇಡಿ ಅಂತ ಹೇಳಿಡಿ. ಹಳೇ ಡ್ರೆಸ್ಸು ಈಗ ಬಿಗಿಯಾಗಿರುತ್ತದೆ. ಅವಳು ಹಾಕಿಕೊಂಡು ಕನ್ನಡಿ ಮುಂದೆ ನಿಲ್ಲುವ ಮುಂಚೆ, ಹೊಸದೊಂದು ಹೊಲಿಸಿ ಇಟ್ಟಿರಿ.