ಕೈಗನ್ನಡಿಯಿಂದ ಶುರುವಾದ ಪಟ್ಟಿ

(ಗುರುತು ಸಿಗಬಾರದೆಂದು ಹೆಸರು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಗಿರಿಜಮ್ಮನವರಿಗೆ 58 ವರ್ಷ. ಗಾಂಧಿ ಬಜಾರಿನಲ್ಲಿ ಹೂವು ಮಾರುತ್ತಾರೆ. ನಸುಕಿನಲ್ಲೇ ಕೆ.ಆರ್. ಮಾರುಕಟ್ಟೆಗೆ ಹೋಗಿ ಸೇವಂತಿಗೆ, ಮಲ್ಲಿಗೆ ತಂದು, ಗೋಣಿತಾಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರೆ ರಾತ್ರಿ ಎಂಟರವರೆಗೆ ಏಳುವ ಮಾತಿಲ್ಲ. ಅವರಿಗೆ ಕರುಳು ತೂತಾಗಿ ರಾತ್ರೋರಾತ್ರಿ ಶಸ್ತ್ರಚಿಕಿತ್ಸೆ ಆಯಿತು. ಸಣ್ಣ ಕರುಳನ್ನು ಹೊಟ್ಟೆಯ ಬಲಗಡೆ ಹೊರತಂದು, ಮಲ ಸೇರಲು ಚೀಲ ಕಟ್ಟಿದರು. ಇದಕ್ಕೆ ಇಲಿಯೊಸ್ಟಮಿ ಎನ್ನುತ್ತಾರೆ, ಹೊರಗೆ ಕಾಣುವ ಕರುಳಿನ ಬಾಯಿಗೆ ಸ್ಟೋಮಾ. ಕೆಲವು ತಿಂಗಳಾದ ಮೇಲೆ ಕರುಳನ್ನು ಮತ್ತೆ ಒಳಗೆ ಸೇರಿಸಬಹುದು ಎಂದು ವೈದ್ಯರು ಹೇಳಿದ್ದರು. ಐದನೇ ವಾರದಲ್ಲಿ ಮಗ ಅವರನ್ನು ಸಲಹೆಗಾರ್ತಿಯಾದ ನನ್ನ ಬಳಿ ಕರೆತಂದ. ಅವನ ಕಂಕುಳಲ್ಲಿ ಒಂದು ರಟ್ಟಿನ ಪೆಟ್ಟಿಗೆ ಇತ್ತು.

"ಎಲ್ಲ ತಂದುಕೊಟ್ಟಿದ್ದೇನೆ ಮೇಡಂ. ಆದರೂ ದಿನಕ್ಕೊಂದು ಬಾರಿ ಸೋರುತ್ತದೆ. ಅಮ್ಮ ಹೊಸಿಲು ದಾಟುವುದಿಲ್ಲ" ಎಂದ. ಪೆಟ್ಟಿಗೆಯಲ್ಲಿ ಏನಿರಲಿಲ್ಲ! ವಾಸನೆ ಕಳೆಯುವ ಹನಿಗಳು, ಚೀಲಕ್ಕೆ ಹೊದಿಸುವ ಬಟ್ಟೆ, ಸುಗಂಧದ ಒದ್ದೆ ಕಾಗದಗಳು, ಡೆಟಾಲ್, ಎರಡು ಬಗೆಯ ಪೇಸ್ಟು. ಸ್ಟೋಮಾದ ಸುತ್ತ ಚರ್ಮಕ್ಕೆ ಅಂಟಿಸಿ ಚೀಲ ಸಿಕ್ಕಿಸುವ ಅಂಟುಬಿಲ್ಲೆಗಳು 45 ಮಿಲಿಮೀಟರಿನವು, ಅವುಗಳ ಜೊತೆಗೆ ತಂದ ಚೀಲಗಳು 57ರವು. ಬಿಲ್ಲೆಯ ಬಳೆಗೆ ಚೀಲದ ಬಳೆ ಕೂರಬೇಕಾದರೆ ಎರಡರ ಅಳತೆಯೂ ಒಂದೇ ಆಗಿರಬೇಕು, ಸಾಮಾನ್ಯವಾಗಿ ಕಂಪನಿಯೂ ಒಂದೇ ಇರಬೇಕು. ಹುಡುಗ ರಿಯಾಯಿತಿ ನೋಡಿದ್ದ, ಸಂಖ್ಯೆ ನೋಡಿರಲಿಲ್ಲ.

ಆ ದಿನ ನಾನೂ ಒಂದು ತಪ್ಪು ಮಾಡಿದೆ. ಬೇಕಾದ ಸಾಮಾನುಗಳ ಅಚ್ಚಾದ ಪಟ್ಟಿಯೊಂದನ್ನು ಗಿರಿಜಮ್ಮನವರ ಕೈಗಿತ್ತೆ. ಅವರು ಅದನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಓದಲಿಲ್ಲ, ಒಂದು ಮಾತೂ ಕೇಳಲಿಲ್ಲ.

ಎರಡನೇ ಭೇಟಿಗೆ ಮಗನನ್ನು ಹೊರಗೆ ಕೂರಿಸಿದೆ. ಬಹಳ ಹೊತ್ತಾದ ಮೇಲೆ ಅವರು ಬಾಯಿಬಿಟ್ಟರು. ರಾತ್ರಿ ಮಗ ಬಿಲ್ಲೆ ಬದಲಿಸುವಾಗ ಗೋಡೆಯ ಕಡೆ ಮುಖ ತಿರುಗಿಸಿ ಮಲಗುತ್ತಾರೆ. "ಹೆತ್ತ ಮಗನ ಕೈಯಲ್ಲಿ ಇದನ್ನು ಮಾಡಿಸಿಕೊಳ್ಳುವುದಕ್ಕಿಂತ..." ಎಂದು ಅರ್ಧಕ್ಕೇ ನಿಲ್ಲಿಸಿದರು. ಆಮೇಲೆ, "ನಾನು ಕಟ್ಟುವ ಹೂವು ದೇವರ ತಲೆ ಮೇಲೆ ಹೋಗುತ್ತದೆ ಮೇಡಂ. ಇದನ್ನು ಹೊಟ್ಟೆಗೆ ಕಟ್ಟಿಕೊಂಡು ಹೇಗೆ ಮುಟ್ಟಲಿ?" ಎಂದರು.

ಮೈಲಿಗೆಯ ಬಗ್ಗೆ ನಾನು ವಾದ ಹೂಡಲಿಲ್ಲ. ಆ ವಾದದಲ್ಲಿ ಸಲಹೆಗಾರರು ಗೆದ್ದದ್ದನ್ನು ನಾನು ಕಂಡಿಲ್ಲ. ಬದಲಿಗೆ, "ಅದನ್ನು ನೋಡಿದ್ದೀರಾ?" ಎಂದು ಕೇಳಿದೆ. ಐದು ವಾರದಲ್ಲಿ ಒಮ್ಮೆಯೂ ನೋಡಿರಲಿಲ್ಲ. ನಾಚಿಕೆ ಒಂದು ಕಾರಣವಾದರೆ, ಹೊಟ್ಟೆಯ ಮಡಿಕೆಯ ಕೆಳಗಿದ್ದುದರಿಂದ ಬಗ್ಗಿದರೂ ಅದು ಕಾಣುತ್ತಿರಲಿಲ್ಲ. ತುರ್ತು ಶಸ್ತ್ರಚಿಕಿತ್ಸೆಯಲ್ಲಿ, ಕೂರಿಸಿ ನಿಲ್ಲಿಸಿ ಸರಿಯಾದ ಜಾಗ ಗುರುತು ಹಾಕುವಷ್ಟು ಸಮಯ ಸಿಗುವುದಿಲ್ಲ.

ಸ್ಟೋಮಾ ನರ್ಸ್ ಬಂದು ಒಂದು ಕೈಗನ್ನಡಿ ಹಿಡಿದರು. ಗಿರಿಜಮ್ಮ ಕಣ್ಣು ಕಿರಿದು ಮಾಡಿ ನೋಡಿದರು. ಕೆಂಪಗೆ, ಒದ್ದೆಯಾಗಿ, ಕೆನ್ನೆಯ ಒಳಮೈಯಂತೆ ಇತ್ತು. "ಮುಟ್ಟಿದರೆ ನೋಯುತ್ತದೆಯೇ?" ಎಂದರು. ನೋಯುವುದಿಲ್ಲ, ಅಲ್ಲಿ ನೋವು ತಿಳಿಸುವ ನರಗಳಿಲ್ಲ. ನೋಯುತ್ತಿದ್ದುದು ಸುತ್ತಲಿನ ಚರ್ಮ, ಅದು ಸುಲಿದು ಹಸಿಯಾಗಿತ್ತು. ಕಾರಣವೂ ಅಲ್ಲೇ ಸಿಕ್ಕಿತು. ಆಸ್ಪತ್ರೆಯಿಂದ ಹೊರಟ ದಿನದ ಅಳತೆಗೇ ಮಗ ಈಗಲೂ ಬಿಲ್ಲೆಯ ತೂತನ್ನು ಕತ್ತರಿಸುತ್ತಿದ್ದ. ಮೊದಲ ಆರರಿಂದ ಎಂಟು ವಾರ ಸ್ಟೋಮಾ ಕುಗ್ಗುತ್ತಲೇ ಇರುತ್ತದೆ. ತೂತು ದೊಡ್ಡದಾದರೆ ಸಣ್ಣ ಕರುಳಿನ ಜೀರ್ಣರಸ ನೇರವಾಗಿ ಚರ್ಮದ ಮೇಲೆ ಬಿದ್ದು ಸುಡುತ್ತದೆ. ಹಸಿ ಚರ್ಮಕ್ಕೆ ಅಂಟು ಹಿಡಿಯುವುದಿಲ್ಲ, ಅಂಟು ಬಿಟ್ಟರೆ ಇನ್ನಷ್ಟು ಸೋರುತ್ತದೆ.

ಇನ್ನೊಂದು ಕಾರಣವನ್ನು ಯಾವ ಪಟ್ಟಿಯೂ ಹೇಳಿರಲಿಲ್ಲ. ಲಂಗದ ಲಾಡಿ ಸರಿಯಾಗಿ ಬಿಲ್ಲೆಯ ನಡುವೆಯೇ ಬಿಗಿಯುತ್ತಿತ್ತು. ಕೂತರೆ ಹೊಟ್ಟೆ ಮಡಿಚಿ, ಲಾಡಿ ಒತ್ತಿ, ಕೆಳಗಿನ ಅಂಚು ಏಳುತ್ತಿತ್ತು. ಸೀರೆ ಉಡುವ ಹೆಂಗಸರಿಗೆ ನಾನು ಈಗ ಮೊದಲು ಕೇಳುವ ಪ್ರಶ್ನೆಯೇ ಇದು.

ಕೊಟ್ಟ ಸಲಹೆ ಹೀಗಿತ್ತು. ಪೆಟ್ಟಿಗೆಯಲ್ಲಿ ಮುಕ್ಕಾಲು ಪಾಲು ಸದ್ಯಕ್ಕೆ ಬೇಡ. ಕೈಗನ್ನಡಿ, ಅಳತೆಯ ಕಾಗದ, ತುದಿ ಬಾಗಿದ ಸಣ್ಣ ಕತ್ತರಿ, ಹೊಂದುವ ಬಿಲ್ಲೆ ಮತ್ತು ಕೆಳಗೆ ಬಾಯಿರುವ ಚೀಲ, ಸ್ಟೋಮಾ ಪುಡಿ, ಮೆತ್ತನೆ ಹಳೆ ಬಟ್ಟೆ ಸಾಕು. ವಾರಕ್ಕೊಮ್ಮೆ ಅಳೆದು, ಸ್ಟೋಮಾಕ್ಕಿಂತ ಎರಡು–ಮೂರು ಮಿಲಿಮೀಟರ್ ಮಾತ್ರ ಹೆಚ್ಚಿಗೆ ಕತ್ತರಿಸಬೇಕು. ತೊಳೆಯಲು ಬರಿಯ ನೀರು. ಡೆಟಾಲ್, ಎಣ್ಣೆ, ಟಾಲ್ಕಂ ಪೌಡರ್ ಹತ್ತಿರಕ್ಕೂ ತರಬಾರದು. ಹಸಿ ಚರ್ಮಕ್ಕೆ ಸ್ಟೋಮಾ ಪುಡಿ ಉದುರಿಸಿ, ಹೆಚ್ಚಾದುದನ್ನು ಕೊಡವಬೇಕು, ಇಲ್ಲದಿದ್ದರೆ ಅಂಟು ಕೂರುವುದಿಲ್ಲ. ಬಿಲ್ಲೆ ಹಾಕಿದ ಮೇಲೆ ಅಂಗೈ ಶಾಖದಲ್ಲಿ ಒಂದು ನಿಮಿಷ ಒತ್ತಿ ಹಿಡಿಯಬೇಕು. ಬದಲಿಸುವುದಕ್ಕೆ ಬೆಳಗ್ಗೆ, ಏನೂ ತಿನ್ನುವ ಮೊದಲೇ ಒಳ್ಳೆಯದು. ಆಗ ಹರಿವು ಕಡಿಮೆ. ಎಲ್ಲ ಸರಿಯಾದರೆ ಮೂರು–ನಾಲ್ಕು ದಿನ ನಿಲ್ಲುತ್ತದೆ. ಮಡಿಕೆಯ ಜಾಗಕ್ಕೆ ನರ್ಸ್ ಒಳಮುಖ ಉಬ್ಬಿರುವ ಬಿಲ್ಲೆಯನ್ನು ಸೂಚಿಸಿದರು. ಇಂಥದ್ದನ್ನು ತೋರಿಸಿ ಕೇಳದೆ ಯಾರೂ ತಾವಾಗಿ ಕೊಳ್ಳಬಾರದು. ಲಾಡಿ ತೆಗೆದು, ಲಂಗಕ್ಕೆ ಅಗಲದ ಎಲಾಸ್ಟಿಕ್ ಹೊಲಿಸಿ ಸ್ಟೋಮಾದ ಮೇಲ್ಗಡೆ ಉಡಲು ಹೇಳಿದೆವು. ಕೂರುವುದಕ್ಕೆ ಒಂದು ಎತ್ತರದ ಸ್ಟೂಲು.

ಚೀಲ ತುಂಬಬಾರದೆಂದು ಅವರು ನೀರನ್ನೇ ಬಿಟ್ಟಿದ್ದರು ಎಂಬುದು ಗೊತ್ತಾದದ್ದು ಮಾತಿನ ನಡುವೆ, ತಲೆ ಸುತ್ತುತ್ತದೆ ಎಂದಾಗ. ನನಗೆ ಎಲ್ಲಕ್ಕಿಂತ ಹೆಚ್ಚು ಭಯವಾದದ್ದು ಇದಕ್ಕೆ. ಇಲಿಯೊಸ್ಟಮಿಯಲ್ಲಿ ನೀರಿನೊಂದಿಗೆ ಉಪ್ಪೂ ಹೋಗುತ್ತದೆ. ಅಂದೇ ವೈದ್ಯರಿಗೆ ತೋರಿಸಿ, ಅವರು ಹೇಳಿದ ಪ್ರಮಾಣದಲ್ಲಿ ಓಆರ್‌ಎಸ್ ಶುರು ಮಾಡಿಸಿದೆವು. ಚೀಲ ಮೂರನೇ ಒಂದು ಭಾಗ ತುಂಬಿದೊಡನೆ ಖಾಲಿ ಮಾಡಿದರೆ ಭಾರವೂ ಇಲ್ಲ, ಹೆದರಿಕೆಯೂ ಇಲ್ಲ. ಗಂಟೆಗಟ್ಟಲೆ ಏನೂ ಬರದೆ ಹೊಟ್ಟೆ ನುಲಿದು ವಾಂತಿಯಾದರೆ, ಅಥವಾ ಸ್ಟೋಮಾ ಕಪ್ಪಾದರೆ, ಕಾಯದೆ ಆಸ್ಪತ್ರೆಗೆ ಬರಬೇಕೆಂದು ಮಗನಿಗೂ ತಾಯಿಗೂ ಬೇರೆ ಬೇರೆಯಾಗಿ ಹೇಳಿದೆ.

ಮಗನಿಗೆ ಒಂದು ಮಾತು ಹೆಚ್ಚಿಗೆ ಹೇಳಬೇಕಾಯಿತು: "ನೀನು ಅಂಗಡಿಗೆ ಹೋಗು, ಅಳತೆಯ ಸಂಖ್ಯೆ ಬರೆದುಕೊಂಡು ತಾ. ಬದಲಿಸುವ ಕೆಲಸ ಅಮ್ಮನಿಗೆ ಬಿಡು." ಅವನ ಮುಖ ಬಾಡಿತು, ಪಾಪ, ಸೇವೆಯನ್ನು ಕಿತ್ತುಕೊಂಡಂತೆ ಅನಿಸಿರಬೇಕು. ಮೊದಲ ವಾರ ಗಿರಿಜಮ್ಮ ನರ್ಸಿನ ಮುಂದೆ ಎರಡು ಬಿಲ್ಲೆ ಹಾಳುಮಾಡಿದರು. ಮೂರನೆಯದನ್ನು, ಹೂವಿನ ದಂಟು ಕತ್ತರಿಸುವ ಕೈಯಲ್ಲವೇ, ನಮಗಿಂತ ದುಂಡಗೆ ಕತ್ತರಿಸಿದರು.

ಒಂಬತ್ತನೇ ವಾರ ಅವರು ಮಧ್ಯಾಹ್ನದವರೆಗೆ ಅಂಗಡಿ ಹಾಕಲು ಶುರುಮಾಡಿದರು. ಹೂವಿನ ಬುಟ್ಟಿಯ ಪಕ್ಕದ ಬಟ್ಟೆಯ ಚೀಲದಲ್ಲಿ ಮೊದಲೇ ಕತ್ತರಿಸಿಟ್ಟ ಒಂದು ಬಿಲ್ಲೆ, ಚೀಲ, ನೀರಿನ ಬಾಟಲಿ, ಹಳೆ ದಿನಪತ್ರಿಕೆ. ಬಿಸಿಲಿಗೆ ಅಂಟು ಕರಗುವುದರಿಂದ ಅದನ್ನು ಒದ್ದೆ ಗೋಣಿಯ ನೆರಳಿನಲ್ಲಿ ಇಡುತ್ತಾರಂತೆ. ಮಡಿಯ ಪ್ರಶ್ನೆ ಏನಾಯಿತು ಎಂದು ನಾನಾಗಿ ಕೇಳಲಿಲ್ಲ. ಅವರೇ ಹೇಳಿದರು: "ಇವನು ಎಳೆಮಗುವಾಗಿದ್ದಾಗ ಇವನನ್ನು ತೊಳೆದ ಕೈಯಲ್ಲೇ, ಸೋಪು ಹಾಕಿ ತೊಳೆದುಕೊಂಡು, ಹೂವು ಕಟ್ಟಿದವಳು ನಾನು."

ಕಳೆದ ವಾರ ಕರುಳು ಸೇರಿಸುವ ದಿನ ನಿಗದಿಯಾಯಿತು. ಅಂದು ಅವರು ಒಡೆಯದೆ ಉಳಿದಿದ್ದ ಆ 45ರ ಬಿಲ್ಲೆಗಳನ್ನು ನನ್ನ ಮೇಜಿನ ಮೇಲಿಟ್ಟು, "ಯಾರಿಗಾದರೂ ಕೊಡಿ. ಮೊದಲು ಅಳತೆ ನೋಡಿ" ಎಂದರು.